ಶಾಕ್ ಹೊಡೆಯದ ಬೇಲಿ

ಸೋಲಾರ್ ಬೇಲಿಯ ಕೆಲಸಕ್ಕೆ ನಾನಾಗ ಹೊಸಬ. ಆನಗೋಡಿನ ರೈತರೊಬ್ಬರು ದಾವಣಗೆರೆಯ ನಮ್ಮ ಅಂಗಡಿಗೆ ಫೋನ್ ಮಾಡಿ, "ಬೇಲಿ ಶಾಕೇ ಹೊಡಿಯಂಗಿಲ್ಲ, ಮಷೀನು ವಾಪಸ್ ಒಯ್ಯಿರಿ" ಎಂದು ರೇಗಿದ್ದರು. ಹೋಗಿ ತಂತಿ ಮುಟ್ಟಿದೆ. ಏನೂ ಆಗಲಿಲ್ಲ. ಪ್ಯಾನೆಲ್, ಬ್ಯಾಟರಿ ಎಲ್ಲ ಸರಿಯಿದ್ದವು. ಎಮ್ಮೆಗಳು ಮಾತ್ರ ಬೇಲಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಕರೆಂಟಿಲ್ಲದ ತಂತಿಗೆ ಇವು ಹೆದರುವುದು ಯಾಕೆ? ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ರೈತರ ತಾಯಿ ನೀರಿನ ಚೊಂಬು ಹಿಡಿದು ಬಂದರು. ನಾನು ನಿಂತಿದ್ದ ಕಡೆಯೇ ನೆಲಕ್ಕೆ ಹುಗಿದಿದ್ದ ಅರ್ಥಿಂಗ್ ಸರಳಿನ ಬುಡ ಒಣಗದಂತೆ ದಿನಾ ನೀರು ಹಾಕಲು ನಮ್ಮವರೇ ಹೇಳಿದ್ದರು. ಅಜ್ಜಿ ಸರಳಿಗೆ ವಿಭೂತಿಯನ್ನೂ ಹಚ್ಚಿದ್ದರು.

"ಚಪ್ಪಲಿ ಬಿಟ್ಟು ನಿಂದ್ರಪ್ಪ, ಪೂಜೆ ಜಾಗ ಐತೆ."

ರಬ್ಬರ್ ಚಪ್ಪಲಿ ಬಿಟ್ಟು, ಹಸಿ ಮಣ್ಣಿನ ಮೇಲೆ ನಿಂತು ಮತ್ತೆ ತಂತಿ ಮುಟ್ಟಿದೆ. ನಾನು ಕೂಗಿದ ಕೂಗಿಗೆ ಎಮ್ಮೆಗಳೆಲ್ಲ ತಿರುಗಿ ನೋಡಿದವು.

"ಹೊಡಿತೈತಲ್ಲ, ಮತ್ತೇನು ರಿಪೇರಿ?" ಅಂದರು ಅಜ್ಜಿ.

ಪಕ್ಕದಲ್ಲಿದ್ದ ರೈತರು ತಮ್ಮ ಹವಾಯಿ ಚಪ್ಪಲಿ ನೋಡಿಕೊಂಡರು. ಎಮ್ಮೆಗಳು ಚಪ್ಪಲಿ ಹಾಕುವುದಿಲ್ಲ ಎಂಬುದು ಅಲ್ಲಿಯವರೆಗೆ ಅವರಿಗೂ ಹೊಳೆದಿರಲಿಲ್ಲ, ನನಗೂ.