ಮೀನೆಣ್ಣೆ ಹಚ್ಚಿದ ವಿಮಾನ

ಸ್ವಂತ ವಿಮಾನ ಇಟ್ಟುಕೊಳ್ಳುವ ಬಗ್ಗೆ ನನ್ನನ್ನು ಕೇಳಲು ಬರುವವರು ಈಗಲೂ ಒಬ್ಬಿಬ್ಬರು ಇದ್ದಾರೆ. ದುಡ್ಡು ಕಂಡ ಮನೆಯ ಮಕ್ಕಳು. ಎಷ್ಟು ಎತ್ತರ ಹಾರುತ್ತದೆ, ಎಷ್ಟು ವೇಗ ಎಂದು ಕೇಳುತ್ತಾರೆ. ಹಾರದೆ ಇರುವಾಗ ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ನಾನು ಕೇಳುತ್ತೇನೆ. ಸಣ್ಣ ವಿಮಾನ ಆಯುಷ್ಯದ ಹೆಚ್ಚಿನ ಪಾಲನ್ನು ನೆಲದ ಮೇಲೇ ಕಳೆಯುತ್ತದೆ, ಹಾಳಾಗುವುದೂ ಅಲ್ಲೇ. ಮೊದಲು ತೇವವಿಲ್ಲದ ಸೂರು ನೋಡಿ, ಆಮೇಲೆ ವಿಮಾನ ನೋಡಿ ಎನ್ನುತ್ತೇನೆ. ಯಾರ ಆಸೆಗಾಗಿ ಅದು ಹಾರಬೇಕು ಎಂಬುದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ ಎನ್ನುತ್ತೇನೆ. ಮುದುಕನ ಗೊಣಗಾಟ ಎಂದುಕೊಂಡು ಅವರು ಚಾ ಕುಡಿದು ಹೋಗುತ್ತಾರೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯ ಒಂದು ಕ್ಲಬ್ಬಿನಲ್ಲಿ ವಿಮಾನ ಹಾರಿಸಲು ಕಲಿತು ಹೊನ್ನಾವರಕ್ಕೆ ಬಂದಿದ್ದೆ. ಕೈಯಲ್ಲಿ ಖಾಸಗಿ ಲೈಸೆನ್ಸು ಇತ್ತು. ಅದರಿಂದ ಹೊಟ್ಟೆ ತುಂಬುವುದಿಲ್ಲ. ಸಂಬಳದ ಪೈಲಟ್ ಆಗಬೇಕಾದರೆ ದೊಡ್ಡ ಲೈಸೆನ್ಸು ಬೇಕು, ಅದಕ್ಕೆ ಲಿಖಿತ ಪರೀಕ್ಷೆ ಪಾಸಾಗಬೇಕು, ಜೊತೆಗೆ ಆಕಾಶದಲ್ಲಿ ಇಷ್ಟು ಗಂಟೆ ಕಳೆದಿರಬೇಕು. ನನ್ನ ಗಂಟೆಗಳು ಅರ್ಧಕ್ಕಿಂತ ತುಸು ಮೇಲಿದ್ದವು. ಉಳಿದ ಅರ್ಧ ತುಂಬುವುದೊಂದೇ ಆಗ ನನ್ನ ಜೀವನದ ಗುರಿಯಾಗಿತ್ತು.

ಅಕ್ಕನ ಗಂಡ, ನಮ್ಮ ಭಾವ, ಹೊನ್ನಾವರದ ಬಂದರದಲ್ಲಿ ಮರದ ವ್ಯಾಪಾರಿ. ಮುಂಬಯಿಗೂ ಮಲಬಾರಿಗೂ ಹೋಗುವ ಹಾಯಿದೋಣಿಗಳು, ಅಂದರೆ ಮಚವೆಗಳು, ಅವರಿಗಿದ್ದವು. ಅಪ್ಪ ಇಲ್ಲದ ನನ್ನನ್ನು ಓದಿಸಿದವರು ಅವರೇ. ನಾನು ಮುಂಬಯಿಗೆ ವಾಪಸು ಹೊರಟಾಗ ತಡೆದು, "ಹೋಗೂದು ಎಂತಕ್ಕೆ? ಒಂದು ವಿಮಾನ ನಾನೇ ತಕಂತೆ. ನೀ ನನ್ನ ಕೂರ್ಸ್ಕಂಡು ಹಾರ್ಸು, ನಿನ್ನ ಗಂಟೆಯೂ ತುಂಬ್ತದೆ" ಎಂದರು. ನಾನು ಅವರ ಕಾಲಿಗೆ ಬಿದ್ದೆ. ಆ ಹೊತ್ತಿನಲ್ಲಿ ಅವರು ನನಗೆ ದೇವರ ಹಾಗೆ ಕಂಡದ್ದು ನಿಜ.

ಬಂದದ್ದು ಕ್ಲಬ್ಬೊಂದು ಮಾರಿದ ಹಳೆಯ ಎರಡು ಸೀಟಿನ ವಿಮಾನ. ಮರದ ಹಂದರ, ಮೇಲೆ ಬಟ್ಟೆ, ಬಟ್ಟೆ ಬಿಗಿಯಾಗಿ ನಿಲ್ಲಲು ಅದರ ಮೇಲೆ ಒಂದು ಬಗೆಯ ಬಣ್ಣದ ಲೇಪ. ನಿಲ್ದಾಣ ಎಂಬುದು ನಮಗೆಲ್ಲಿಂದ ಬರಬೇಕು? ಕಡಲು ಇಳಿದಾಗ ಒದ್ದೆ ಮರಳು ಗಟ್ಟಿಯಾಗುತ್ತದೆ, ಅದರ ಮೇಲೇ ಏರುವುದು, ಇಳಿಯುವುದು. ಮರಳಿನ ಮೇಲೆ ಇಳಿಯುವವರಿಗೆ ಹೇಳುತ್ತೇನೆ: ಮೊದಲು ಒಂದು ಸುತ್ತು ತಗ್ಗಿನಲ್ಲಿ ಹಾರಿ ಬಲೆ, ಹಗ್ಗ, ದನ, ಜನ ನೋಡಿಕೊಳ್ಳಿ. ಮಧ್ಯಾಹ್ನದ ಕಡಲಗಾಳಿ ಏಳುವ ಮುಂಚೆ ಕೆಲಸ ಮುಗಿಸಿ. ಇಳಿದ ಕೂಡಲೇ ಚಕ್ರ, ಕೀಲು, ತಂತಿಗಳನ್ನು ಬಾವಿಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಪೆಟ್ರೋಲನ್ನು ಮೆತ್ತನೆಯ ಚರ್ಮದಲ್ಲಿ ಸೋಸದೆ ಹಾಕಬೇಡಿ. ಹೊರಡುವ ಮುಂಚೆ ಟ್ಯಾಂಕಿನ ತಳದಿಂದ ಒಂದಿಷ್ಟು ಗಾಜಿನ ಲೋಟಕ್ಕೆ ಬಿಟ್ಟು, ನೀರು ಬಂದಿದೆಯೇ ನೋಡಿ. ಇಷ್ಟನ್ನೂ ನಾನು ಒಂದು ದಿನವೂ ತಪ್ಪಿಸಿದವನಲ್ಲ.

ಭಾವ ಹಾರಿದ್ದು ಮೆರವಣಿಗೆಗೆ. ಬಸ್ಸಿನಲ್ಲಿ ಭಟ್ಕಳಕ್ಕೆ ಹೋಗಲು ಶರಾವತಿ ದಾಟಿ ಅರ್ಧ ದಿನ ಬೇಕಾಗುತ್ತಿತ್ತು. ನಾವು ಭಟ್ಕಳದ ಪಕ್ಕದ ತೆಂಗಿನಗುಂಡಿಯ ಮರಳಿಗೆ ಹೋಗಿ ಇಳಿಯಲು ಒಂದು ಚಾ ಆರುವಷ್ಟು ಹೊತ್ತು. ಅಲ್ಲಿ ವ್ಯಾಪಾರಿಗಳು ಹಾರ ಹಿಡಿದು ನಿಂತಿರುತ್ತಿದ್ದರು, ಪಂಖದ ಎದುರಿಗೇ ತೆಂಗಿನಕಾಯಿ ಒಡೆಯುತ್ತಿದ್ದರು. ಕಾಯಿ ಒಡೆಯಲೇಬೇಕಾದರೆ ಚಕ್ರದ ಹತ್ತಿರ ಒಡೆಯಲಿ, ಅದೂ ಎಂಜಿನ್ ನಿಂತ ಮೇಲೆ. ಕುಮಟೆಗೂ ಇದೇ ವೈಭವ. ಆದರೆ ಇಂಥ ಹಾರಾಟ ಎಷ್ಟು ಕೂಡಿಸಿದರೂ ನನ್ನ ಗಂಟೆ ತುಂಬುವ ಹಾಗಿರಲಿಲ್ಲ. ನಾನೊಬ್ಬನೇ ಬೆಳಗಿನ ಹೊತ್ತು ಮುರ್ಡೇಶ್ವರದವರೆಗೆ ಹೋಗಿ ಬರುತ್ತೇನೆ ಎಂದು ಕೇಳಿದರೆ, "ಖಾಲಿ ದೋಣಿ ಕಡಲಿಗೆ ಇಳಿಸೂದಿಲ್ಲ" ಎನ್ನುವರು. ನಾನು ಕೂತರೂ ಅವರ ಲೆಕ್ಕಕ್ಕೆ ಅದು ಖಾಲಿಯೇ.

ಎರಡನೆಯ ಬೇಸಿಗೆ ಮುಗಿಯುತ್ತ ಬಂದಾಗ ಬೆಳಗಾವಿಯಲ್ಲಿ ತಗಡಿನ ದೊಡ್ಡ ಶೆಡ್ಡಿನೊಳಗೆ ಜಾಗ ಕೊಡಲು ಒಬ್ಬರು ಒಪ್ಪಿದ್ದರು. ಮಳೆಗಾಲ ಅಲ್ಲಿಟ್ಟರೆ ವಿಮಾನವೂ ಒಣಗಿರುತ್ತದೆ, ಮಳೆ ಬಿಟ್ಟಾಗ ನಾನೂ ಹಾರಬಹುದು. ಭಾವ ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮ ಬಂದರದಲ್ಲಿ ಒಂದು ಪದ್ಧತಿ ಇತ್ತು. ಮಳೆ ಹಿಡಿಯುವ ಮೊದಲು ಪ್ರತಿ ದೋಣಿಯನ್ನೂ ಒಡೆಯನ ದಡಕ್ಕೆ ಎಳೆದು, ಮೀನೆಣ್ಣೆ ಹಚ್ಚಿ, ತೆಂಗಿನ ಗರಿ ಹೆಣೆದ ಮಡಲಿನ ಮಾಡು ಕಟ್ಟಿ ಮುಚ್ಚುವುದು. ಮಳೆಗಾಲದಲ್ಲಿ ಯಾರದ್ದಾದರೂ ದೋಣಿ ಪರರ ದಡದಲ್ಲಿ ಕಂಡರೆ ಅದು ಒತ್ತೆ ಬಿದ್ದಿದೆ ಎಂದೇ ಊರು ತಿಳಿಯುತ್ತಿತ್ತು.

"ನಮ್ಮದು ಬೇರೆಯವ್ರ ದಡದಲ್ಲಿ ಮಳೆಗಾಲ ಕಳೆಯೂದಾ? ಜನ ಎಂತ ಹೇಳೂದು?" ಎಂದರು ಭಾವ.

"ಭಾವ, ಇದು ದೋಣಿ ಅಲ್ಲ."

"ಮರ, ಬಟ್ಟೆ, ತಂತಿ. ಮತ್ತೆಂತ ಇದೆ ಅದ್ರಲ್ಲಿ?"

ಅಷ್ಟರಲ್ಲಿ ಲಿಖಿತ ಪರೀಕ್ಷೆಗೆ ನಾನು ಮುಂಬಯಿಗೆ ಹೋಗಬೇಕಾಯಿತು. ಹೋಗುವ ಮುಂಚೆ ಸ್ಪಷ್ಟವಾಗಿ ಹೇಳಿದ್ದೆ: ನೆಲದಿಂದ ಎತ್ತರಿಸಿ ಇಡಿ, ಎರಡೂ ಬದಿ ಗಾಳಿ ಆಡಲಿ, ಬಟ್ಟೆಗೆ ಏನನ್ನೂ ಹಚ್ಚಬೇಡಿ. ಆಗಲಿ ಎಂಬಂತೆ ಅವರು ತಲೆ ಆಡಿಸಿದರು. ಪರೀಕ್ಷೆ ಚೆನ್ನಾಗಿ ಬರೆದೆ, ಪಾಸಾದ ಸುದ್ದಿ ಕೈಗೆ ಬರುವವರೆಗೆ ಅಲ್ಲೇ ಕಾದೆ. ಸುರಿಯುವ ಮಳೆಯಲ್ಲಿ ಹೊನ್ನಾವರಕ್ಕೆ ಬಂದವನು ಮನೆಗೂ ಹೋಗದೆ ದೋಣಿಯ ಮಾಡಿನ ಕಡೆಗೆ ನಡೆದೆ. ವಾಸನೆ ದೂರದಿಂದಲೇ ಹೇಳಿತು.

ಮೂಗಿನಿಂದ ಬಾಲದವರೆಗೆ ಮೀನೆಣ್ಣೆ ಬಳಿದಿದ್ದರು. ನಾಲ್ಕೂ ಬದಿ ಮಡಲು ಕಟ್ಟಿ ಗಾಳಿ ನುಸುಳದಂತೆ ಮುಚ್ಚಿದ್ದರು. ಭಾವ ನನ್ನ ಹಿಂದೆಯೇ ಕೊಡೆ ಹಿಡಿದು ಬಂದರು. ಅವರ ಮುಖದಲ್ಲಿ ಹೆಮ್ಮೆ ಇತ್ತು.

"ಎರಡು ಕೈ ಹಚ್ಸಿದೆ. ದೋಣಿಗೆ ಒಂದೇ ಕೈ ಹಚ್ಚೂದು" ಎಂದರು.

ಬೈಯಲು ನನಗೆ ಬಾಯಿ ಬರಲಿಲ್ಲ. ಅವರ ಅನ್ನ ತಿಂದ ಬಾಯಿ ಅದು. ಮಡಲು ಕಿತ್ತು ಗಾಳಿ ಬಿಟ್ಟೆ, ಒಣ ಬಟ್ಟೆಯಿಂದ ತಿಕ್ಕಿದೆ. ಎಣ್ಣೆ ಒಳಗಿಳಿದಿತ್ತು, ಬಿಗಿಯಾಗಿದ್ದ ಬಟ್ಟೆ ಜೋತುಬಿದ್ದಿತ್ತು. ಬಂದರದ ಇಲಿಗಳಿಗೆ ಮೀನಿನ ವಾಸನೆಯ ಬಟ್ಟೆ ಎಂದರೆ ಹಬ್ಬದೂಟ. ರೆಕ್ಕೆಯೊಳಗೆ ಅವು ಮರಿ ಹಾಕಿದ್ದವು. ಎಷ್ಟು ಓಡಿಸಿದರೂ ಮತ್ತೆ ಬಂದವು.

ಮಳೆ ಮುಗಿದ ಮೇಲೆ ವರ್ಷದ ತಪಾಸಣೆಗೆ ಬಂದ ಅಧಿಕಾರಿ ರೆಕ್ಕೆಯ ಮೇಲೆ ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ಬಟ್ಟೆ ಕಿತ್ತು ನೋಡಿದರೆ ತೇವಕ್ಕೆ ಹಂದರದ ಅಂಟು ಬೂಸಲು ಹಿಡಿದು ಬಿಟ್ಟುಕೊಂಡಿತ್ತು. ಮುಂಬಯಿಗೆ ಸಾಗಿಸಿ ಹೊಸದಾಗಿ ಕಟ್ಟಿಸದೆ ಇದು ನೆಲ ಬಿಡಕೂಡದು ಎಂದು ಬರೆದು ಹೋದ. ಕೊಳ್ಳುವವರು ನೆನಪಿಡಿ, ಬಟ್ಟೆಯ ವಿಮಾನದ ಕಾಯಿಲೆ ಒಳಗಿರುತ್ತದೆ. ಬಣ್ಣ ನೋಡಿ ಮರುಳಾಗಬೇಡಿ.

"ಮುಂದಿನ ವರ್ಷ ನೋಡುವಾ" ಎಂದರು ಭಾವ. ಅವರಿಗೇನು ಅವಸರ? ಪರೀಕ್ಷೆ ಪಾಸಾದದ್ದು ಇಷ್ಟು ಕಾಲದ ಮಟ್ಟಿಗೆ ಮಾತ್ರ ಊರ್ಜಿತ, ಅಷ್ಟರೊಳಗೆ ಗಂಟೆ ತುಂಬಬೇಕು, ಮುಂಬಯಿಯ ಕ್ಲಬ್ಬಿಗೆ ಕಳಿಸಿ ಎಂದು ಮೊದಲ ಸಲ ಬಾಯಿಬಿಟ್ಟು ಬೇಡಿದೆ.

"ಮನೆಯಲ್ಲೇ ವಿಮಾನ ಇದ್ದವ ಪರರ ವಿಮಾನ ಬಾಡಿಗೆಗೆ ಹಾರ್ಸೂದಾ? ನನ್ನ ಮರ್ಯಾದೆ ಎಂತ ಆಗ್ಬೇಕು?" ಎಂದು ಅವರು ಎದ್ದು ಒಳಗೆ ಹೋದರು.

ಮುಂದಿನ ವರ್ಷವೂ ಬಂತು, ಅದರ ಮುಂದಿನದೂ. ಭಾವನ ಮನಸ್ಸು ಹೊಸ ಲಾಂಚಿನ ಕಡೆ ತಿರುಗಿತು. ನನ್ನ ಪರೀಕ್ಷೆಯ ಅವಧಿ ಮುಗಿಯಿತು, ಗಂಟೆ ಇದ್ದಲ್ಲೇ ಇತ್ತು, ನನ್ನ ಜೊತೆ ಕಲಿತವರು ದೊಡ್ಡ ವಿಮಾನ ಹಾರಿಸುತ್ತಿದ್ದಾರೆಂಬ ಸುದ್ದಿ ಬರುತ್ತಿತ್ತು. ನಾನು ಭಾವನ ಮರದ ಅಡ್ಡೆಯಲ್ಲಿ ದಿಮ್ಮಿ ಅಳೆಯಲು ಕುಳಿತೆ. ಮದುವೆಮನೆಗಳಲ್ಲಿ ಅವರು ನನ್ನ ಹೆಗಲ ಮೇಲೆ ಕೈ ಹಾಕಿ, "ಇಂವ ನಮ್ಮ ಪೈಲಟು" ಎಂದು ನಾಲ್ಕು ಜನರ ಮುಂದೆ ಪರಿಚಯಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ನಗುತ್ತಿದ್ದೆ.

ಆ ಸಿಟ್ಟನ್ನಾದರೂ ನಾನು ಹೇಗೋ ನುಂಗಿಕೊಂಡೆ. ಭಾವ ದೋಣಿ ಬಿಟ್ಟು ಬೇರೆ ಕಂಡವರಲ್ಲ. ನುಂಗಲಾಗದ್ದು ಬೇರೆ. ಒಂದು ಮಧ್ಯಾಹ್ನ ಅಡ್ಡೆಯಿಂದ ಊಟಕ್ಕೆ ಬಂದಿದ್ದೆ. ಅಪ್ಪ ಸತ್ತ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ, ಎದುರಿಗೆ ಕೂತು ಬಡಿಸುತ್ತಿದ್ದಳು.

"ಯಾವಾಗ್ಲೂ ಎಂತಕ್ಕೆ ಮೋರೆ ಸಪ್ಪಗೆ ಮಾಡ್ಕಂಡಿರ್ತೆ ತಮ್ಮಾ?" ಎಂದಳು. "ಆದದ್ದು ಒಳ್ಳೇದೇ ಆತು. ಆ ವಿಮಾನ ಹಾರ್ತಾ ಇದ್ದಿದ್ರೆ ನೀ ಇಲ್ಲಿ ಉಳೀತಿದ್ಯಾ?"

ಅವಳ ದನಿಯಲ್ಲಿ ಮೋಸವಿರಲಿಲ್ಲ, ಇದ್ದದ್ದು ಬರೀ ಪ್ರೀತಿ. ಎಲೆಯ ಮೇಲೆ ಇನ್ನೊಂದು ತುಂಡು ಮೀನು ಹಾಕಿದಳು. ಆ ಗಂಟೆಗಳು ಆ ಮನೆಯಲ್ಲಿ ನನ್ನೊಬ್ಬನಿಗಲ್ಲದೆ ಬೇರೆ ಯಾರಿಗೂ ಬೇಡವಾಗಿದ್ದವು ಎಂದು ಆಗ ತಿಳಿಯಿತು. ಅಕ್ಕ ಈಗಿಲ್ಲ. ಅವಳನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳು ಬರೆದಂತಾಗುತ್ತದೆ.