ದೀನಾ ಎಂಬುದು ಹೆಸರು

ಕಳೆದ ತಿಂಗಳು ಘೋಣಸಗಿಯ ಆರೋಗ್ಯ ಉಪಕೇಂದ್ರದ ಬಾಗಿಲ ಪಕ್ಕ ಒಂದು ಕರಿಕಲ್ಲು ಕೂರಿಸಿದರು. ನಾನು ಹೋದಾಗ ಸಿಮೆಂಟಿನ ಹಸಿ ವಾಸನೆ ಇನ್ನೂ ಆರಿರಲಿಲ್ಲ. ಕೊರೆದ ಅಕ್ಷರಗಳಿಗೆ ತುಂಬಿದ ಬಂಗಾರದ ಬಣ್ಣ ಬೆರಳಿಗೆ ಅಂಟಿತು. ಓದಿದೆ: 'ದೀನ ದಾದಿಯ ಸ್ಮರಣಾರ್ಥ.'

ಈ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಇದೇ ಕೇಂದ್ರದ ದಾದಿ ನರ್ಸಬಾಯಿ ತೀರಿಕೊಂಡು ಆಗಲೇ ವರ್ಷವಾಗಿತ್ತು. ವಿಜಯಪುರದ ಕ್ರೈಸ್ತ ಮನೆತನದವರು. ಊರಿಗೆಲ್ಲ ಅವರು ನರ್ಸಬಾಯಿಯೇ. ಹೆಸರು ದೀನಾ. ಹೀಬ್ರೂ ಹೆಸರು, ನ್ಯಾಯ ಎಂಬ ಅರ್ಥದ ಮಾತಿನಿಂದ ಬಂದದ್ದು. ಕನ್ನಡದ ಕಿವಿಗೆ ಮಾತ್ರ ಅದು ಬಡಪಾಯಿ ಎಂದೇ ಕೇಳಿಸುತ್ತದೆ.

ಬೈಬಲಿನಲ್ಲಿ ಬರುವ, ಆ ಹೆಸರಿನ ಮೊದಲ ಹೆಣ್ಣುಮಗಳ ಕಥೆಯನ್ನು ಅವರೇ ನನಗೆ ಹೇಳಿದ್ದರು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು... ಸಜ್ಜೆಯೂ ಇರಬಹುದು. ಆ ದೀನಾ ಬಹಳ ಮಂದಿ ಅಣ್ಣತಮ್ಮಂದಿರ ನಡುವೆ ಹುಟ್ಟಿದವಳು. ಅವಳಿಗೆ ಅನ್ಯಾಯವಾಯಿತು; ಅಣ್ಣಂದಿರು ಕತ್ತಿ ಹಿಡಿದು ಹೊರಟರು.

"ಇಡೀ ಕಥಿಯೊಳಗ ಆಕಿ ಬಾಯಿಂದ ಒಂದ ಮಾತಿಲ್ಲ ನೋಡ. ಯಾರೂ ಕೇಳಲೇ ಇಲ್ಲ. ನಾ ಅಂತೂ ಹಂಗ ಬಾಯಿ ಮುಚ್ಕೊಂಡ ಕುಂದ್ರಾಕಿ ಅಲ್ಲ," ಎಂದು ನಕ್ಕಿದ್ದರು.

ಅದು ಬರೀ ಮಾತಲ್ಲವೆಂದು ಅವರ ನಿವೃತ್ತಿಯ ಸನ್ಮಾನದ ದಿನ ಊರಿಗೆ ಗೊತ್ತಾಯಿತು. ಶಾಲು ಹೊದಿಸಿದ ಊರ ಮುಖಂಡ ಮೈಕಿನಲ್ಲಿ, "ಇಂಥಾ ದೀನ ತಾಯಿ ನಮ್ಮೂರಿಗಿ ಸಿಕ್ಕಿದ್ದು ನಮ್ಮ ಪುಣ್ಯ," ಎಂದ. ನರ್ಸಬಾಯಿ ಎದ್ದು ಮೈಕು ಕಸಿದುಕೊಂಡರು.

"ಯಪ್ಪಾ, ದೀನಾ ನನ್ನ ಹೆಸರು. ನಾ ದೀನ ಅಲ್ಲ. ನಿನ್ನ ಮಗಾ ಹುಟ್ಟೂ ದಿನ ಬಾಗಲಾ ಹಿಡ್ಕೊಂಡ ಗೊಳೋ ಅಂತ ಅಳಾಕತ್ತಿದ್ಯಲ್ಲ, ಆವತ್ತ ನಮ್ಮಿಬ್ಬರಾಗ ದೀನ ಯಾರಿದ್ರೋ?"

ಜನ ಬಿದ್ದು ಬಿದ್ದು ನಕ್ಕರು. ಮುಖಂಡನೂ ನಕ್ಕು, "ತಪ್ಪಾತ್ರಿ ನರ್ಸಬಾಯಿ," ಎಂದು ಕೈಮುಗಿದ.

ಈ ಕಲ್ಲು ಹಾಕಿಸಿದವನು ಅವನೇ. ಎಲ್ಲರೆದುರು ತಿದ್ದಿಸಿಕೊಂಡವನು, ತಿದ್ದಿದವರು ಮಣ್ಣಾದ ಮೇಲೆ ಅದೇ ತಪ್ಪನ್ನು ಕಲ್ಲಿನಲ್ಲಿ ಕೊರೆಸಿದ. ಇದನ್ನು ಮರೆವು ಎಂದು ನಾನು ಒಪ್ಪಲಾರೆ. ಬದುಕಿದ್ದ ಹೆಂಗಸಿನೆದುರು ತಲೆಬಾಗಿದ್ದು ನಾಟಕ, ಸತ್ತವಳು ಮೈಕು ಕಸಿಯಲಾರಳು ಎಂಬ ಧೈರ್ಯವೇ ನಿಜ. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಒಬ್ಬರ ಹೆಸರು ತಪ್ಪಿದರೆ ಮರುದಿನ ನಾವು ತಿದ್ದುಪಡಿ ಹಾಕುತ್ತೇವೆ. ವಿಜಯಪುರದ ಜಲನಗರದ ನನ್ನ ಮನೆಗೆ ಬಂದವನೇ ಅವನಿಗೆ ಫೋನು ಮಾಡಿದೆ. 'ದಾದಿ ದೀನಾ' ಎಂದಾಗಬೇಕು ಎಂದೆ.

"ಏ, ಬಿಡ್ರಿ ಸಾಹೇಬ್ರ. ಪಾಪ, ಹಿಂದ ಮುಂದ ಯಾರೂ ಇಲ್ಲದಾಕಿ. ದೀನ ಅಂದ್ರ ಏನ ತಪ್ಪಾತು?"

"ಅದು ಅವರ ಹೆಸರ್ರಿ. ನಿಮಗ ಮೈಕಿನ್ಯಾಗ ಹೇಳ್ಯಾರ."

"ಆತ ಬಿಡ್ರಿ," ಎಂದ. "ಆ ಶಬ್ದ ನಿಮಗ ಅಷ್ಟ ಚುಚ್ಚತಿದ್ರ ತಗಸ್ತೇನಿ."

ಮೊನ್ನೆ ಘೋಣಸಗಿಗೆ ಹೋಗಿದ್ದೆ. 'ದೀನ' ಎಂಬ ಎರಡು ಅಕ್ಷರಗಳಿಗೆ ಕರಿ ಸಿಮೆಂಟು ಮೆತ್ತಿ, ಉಜ್ಜಿ ನುಣುಪು ಮಾಡಿದ್ದಾರೆ. ಕಲ್ಲಿನ ಮೇಲೆ ಈಗ ಇರುವುದು: 'ದಾದಿಯ ಸ್ಮರಣಾರ್ಥ.'