ಅತ್ತೆಯ ಮಂಚದ ಮೇಲಿನ ಹೆಂಚು

ಚಾಮರಾಜಪೇಟೆಯ ನಮ್ಮ ಮನೆ ಮಾವನವರು ಕಟ್ಟಿಸಿದ್ದು. ಅವರು ಹೋದ ಮೇಲೆ ನಡುಗೋಡೆಯನ್ನೇ ಗಡಿ ಮಾಡಿ ಇಬ್ಬರು ಮಕ್ಕಳೂ ಪಾಲು ಮಾಡಿಕೊಂಡರು. ಭಾವನವರು, ಅಂದರೆ ನನ್ನ ಗಂಡನ ಅಣ್ಣ, ತಮ್ಮ ಪಾಲು ಕೆಡವಿ ಎರಡಂತಸ್ತಿನ ಆರ್‌ಸಿಸಿ ಮನೆ ಎಬ್ಬಿಸಿದರು. ನಮ್ಮದು ಮಂಗಳೂರು ಹೆಂಚಿನ ಮನೆಯಾಗಿಯೇ ಉಳಿಯಿತು. ಅದನ್ನೂ ತಮಗೇ ಮಾರಿಬಿಡಿ ಅಂತ ಅವರು ಹಟ ಹಿಡಿದರು, ನಾವು ಒಪ್ಪಲಿಲ್ಲ. ಅಂದಿನಿಂದ ಮಾತು ನಿಂತಿತು.

ಅತ್ತೆ ನಮ್ಮ ಜೊತೆಗಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ನಾನು ಅವರ ಬೆನ್ನು ಒರೆಸುತ್ತಿರುವಾಗಲೇ, "ದೊಡ್ಡವನಾಗಿದ್ರೆ ಒಳ್ಳೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದ" ಅನ್ನುತ್ತಿದ್ದರು. ಆ ದೊಡ್ಡವರು ಗೋಡೆಯಾಚೆಗೇ ಇದ್ದರು. ಒಂದು ದಿನವೂ ಬಂದು ಇಣುಕಿದವರಲ್ಲ.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಆಲಿಕಲ್ಲು ಬಿತ್ತು. ಮೊದಲು ಅಲ್ಲೊಂದು ಇಲ್ಲೊಂದು ಟಪ್ ಅಂದಿತು. ಆಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗೆ. ನಿಂಬೆಹಣ್ಣಿನ ಗಾತ್ರದವು. ಅತ್ತೆಯ ಕೋಣೆಯ ಹೆಂಚು ಒಡೆದು ಒಂದು ಚೂರು ಅವರ ಹಣೆಗೇ ಬಡಿಯಿತು. ನಾನು ಸೆರಗಿನಿಂದ ಗಾಯ ಒತ್ತಿಹಿಡಿದೆ. ನನ್ನ ಗಂಡ ಮಂಚವನ್ನು ಮೂಲೆಗೆ ಎಳೆದರು. ಕಲ್ಲು ನಿಂತರೂ ಮಳೆ ನಿಲ್ಲಲಿಲ್ಲ. ನೀರು ಧಾರಾಕಾರ ಒಳಗೆ ಸುರಿಯುತ್ತಿತ್ತು.

ನಮ್ಮ ಹೆಂಚಿನ ಮಾಡಿನ ಮೇಲೆ ಬೇಗ ಹೋಗಲು ಇದ್ದ ದಾರಿ ಭಾವನವರ ಬಾಲ್ಕನಿ ಒಂದೇ. ಇಬ್ಬರೂ ಓಡಿದೆವು.

"ಅಣ್ಣ, ಬಾಲ್ಕನಿಯಿಂದ ಇಳಿದು ಟಾರ್ಪಾಲ್ ಹಾಕ್ಬಿಡ್ತೀನಿ. ಅಮ್ಮನ ಹಣೆ ಒಡೆದಿದೆ."

ಭಾವನವರು ಮುಂಬಾಗಿಲ ಗ್ರಿಲ್ ತೆಗೆಯಲಿಲ್ಲ. "ಆವತ್ತೇ ಹೇಳಿದ್ನಲ್ಲ, ಆ ಕೊಂಪೆ ನಂಗೆ ಕೊಟ್ಬಿಡು ಅಂತ. ಈಗ ಅನುಭವಿಸು."

"ಅವರು ನಿಮಗೂ ಅಮ್ಮನೇ ಅಲ್ವಾ, ಭಾವ?" ಅಂದೆ.

"ನಿಮ್ಮ ಜೊತೆ ಇರ್ತೀನಿ ಅಂದವಳು ಅವಳೇ." ಬಾಗಿಲು ಹಾಕಿಕೊಂಡರು.

ವಾಪಸು ಬಂದಾಗ ಅತ್ತೆ ಒಡೆದ ಸೂರನ್ನೇ ನೋಡುತ್ತಿದ್ದರು. ಅವರ ಕಿಟಕಿ ಆ ಗ್ರಿಲ್‌ನ ಪಕ್ಕದಲ್ಲೇ ಇದೆ. "ಕೇಳಿಸ್ತು" ಅಂದರು, ಅಷ್ಟೇ. ನನ್ನ ಗಂಡ ಮೇಜಿನ ಮೇಲೆ ನಿಂತು ಒಳಗಡೆಯಿಂದಲೇ ಟಾರ್ಪಾಲನ್ನು ತೊಲೆಗಳಿಗೆ ಕಟ್ಟಿದರು.

ತ್ಯಾಗರಾಜನಗರದಲ್ಲಿ ಕೆಡವುತ್ತಿದ್ದ ಹಳೇ ಮನೆಯೊಂದರಿಂದ ಹೆಂಚು ತಂದೆವು. ಬರೀ ಹೆಂಚು ಬದಲಾಯಿಸಿದರೆ ಮತ್ತೆ ಅದೇ ಪಾಡು. ಹಾಗಾಗಿ ಅದರ ಮೇಲೆ ಗೇಣೆತ್ತರಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಸಣ್ಣ ಕಣ್ಣಿನ ತಂತಿ ಬಲೆ ಬಿಗಿಸುವುದೆಂದು ತೀರ್ಮಾನಿಸಿದೆವು. ಕಲ್ಲಿನ ಪೆಟ್ಟು ಮೊದಲು ಬಲೆಗೆ ಬೀಳಲಿ ಅಂತ. ವೆಲ್ಡಿಂಗಿನವರು ಬಂದ ದಿನ ಭಾವನವರು ಬಾಲ್ಕನಿಯಲ್ಲಿ ಹಾಜರು.

"ನಡುಗೋಡೆಗೆ ಒಂದು ಮೊಳೆ ಬಿದ್ರೂ ಪೊಲೀಸ್ ಕರೆಸ್ತೀನಿ!"

ಕಿಟಕಿಯಿಂದ ಅತ್ತೆಯ ದನಿ ಎದ್ದಿತು. ಅಷ್ಟು ಜೋರಾದ ದನಿ ಅವರಲ್ಲಿ ಇನ್ನೂ ಉಳಿದಿದೆ ಅಂತ ನನಗೆ ಗೊತ್ತೇ ಇರಲಿಲ್ಲ. "ಕರೆಸೋ! ನಿಮ್ಮಪ್ಪ ಕಟ್ಟಿಸಿದ ಗೋಡೆ ಅದು. ತಾಯಿ ತಲೆ ಒಡೆದ್ರೂ ಬಾಗಿಲು ಹಾಕ್ಕೊಂಡವನು ಇವನೇ ಅಂತ ನಾನೇ ಹೇಳ್ತೀನಿ!"

ಎದುರು ಮನೆಯವರೆಲ್ಲ ಹೊರಗೆ ಬಂದು ನಿಂತರು. ಭಾವನವರು ಒಳಗೆ ಹೋದರು. ಆದರೂ ನನ್ನ ಗಂಡ ಆ ಗೋಡೆ ಮುಟ್ಟಲಿಲ್ಲ. "ಅವನ ಹಂಗೇ ಬೇಡ" ಅಂತ ನಮ್ಮ ಜಾಗದಲ್ಲೇ ಕಂಬ ನೆಡಿಸಿದರು.

ಮರುವರ್ಷ ಮತ್ತೆ ಆಲಿಕಲ್ಲು ಬಿತ್ತು. ಬಲೆ ಜಗ್ಗಿತು, ಹೆಂಚು ಒಂದೂ ಒಡೆಯಲಿಲ್ಲ. ಅದಾದ ಕೆಲವೇ ದಿನಕ್ಕೆ, ನೆಂಟರು ಛೀಮಾರಿ ಹಾಕಿದರೋ ಏನೋ, ಭಾವನವರು ಪ್ಲಾಸ್ಟಿಕ್ ಚೀಲದಲ್ಲಿ ಮೂಸಂಬಿ ಹಿಡಿದು ಬಂದರು.

"ಯಾರು?" ಅಂದರು ಅತ್ತೆ.

"ಭಾವನವರು."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. "ಮಲಗಿದ್ದಾರೆ ಅಂತ ಹೇಳು."

ಅದು ಭಾವನವರಿಗೂ ಕೇಳಿಸಿತು. ನಾನು "ಬನ್ನಿ" ಅನ್ನಲಿ ಅಂತ ಹೊಸ್ತಿಲಾಚೆ ಕಾದರು. ನನಗೆ ಕನಿಕರ ಹುಟ್ಟಲಿಲ್ಲ, ನಾನು ಅನ್ನಲಿಲ್ಲ. ಚೀಲ ಜಗಲಿಯ ಮೇಲಿಟ್ಟು ಹೊರಟುಹೋದರು. ಸಂಜೆ ಬೀದಿ ಹಸುವೊಂದು ಅದನ್ನು ಚೀಲ ಸಮೇತ ಎಳೆದಾಡುತ್ತಿತ್ತು. ಹಣ್ಣು ಹೊರಗೆ ತೆಗೆದು ಅದರ ಮುಂದೆ ಹಾಕಿ, ಚೀಲ ಕಿತ್ತುಕೊಂಡು ಒಳಗೆ ಬಂದೆ.